ಬೇಶೋರ್ ಬೈಕ್‌ವೇ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಯಾನ್ ಡಿಯಾಗೊ ಕೊಲ್ಲಿಯನ್ನು ಸುತ್ತುವರಿದ ಸೈಕಲ್ ಮಾರ್ಗ. ಉದ್ದ ಸುಮಾರು 38 ಕಿ.ಮೀ. ನ್ಯಾಷನಲ್ ಸಿಟಿ, ಚುಲಾ ವಿಸ್ಟಾ, ಇಂಪೀರಿಯಲ್ ಬೀಚ್, ಕೊರೊನಾಡೊ ಊರುಗಳನ್ನು ಹಾದುಹೋಗುತ್ತದೆ. ದಾರಿ ಬಹುಪಾಲು ಸಮತಟ್ಟು. ಕೆಲವೆಡೆ ಮಾತ್ರ ವಾಹನಗಳ ಬೀದಿಯಲ್ಲೇ ಸಾಗಬೇಕು. ಕೊಲ್ಲಿ ದಾಟಲು 1969ರಲ್ಲಿ ತೆರೆದ ಕೊರೊನಾಡೊ ಸೇತುವೆಯ ಮೇಲೆ ಸಾಮಾನ್ಯವಾಗಿ ಸೈಕಲ್ಲುಗಳಿಗೆ ಪ್ರವೇಶವಿಲ್ಲದ್ದರಿಂದ ಸುತ್ತು ಮುಗಿಸುವವರು ಸೈಕಲ್ ಸಮೇತ ಫೆರಿ ಹತ್ತುತ್ತಾರೆ.

ಮಾರ್ಗದ ಜೀವಾಳ ಕೊಲ್ಲಿಯ ದಕ್ಷಿಣ ತುದಿ. ಇಲ್ಲಿನದು ಉಬ್ಬರವಿಳಿತದ ನೀರುಂಡು ಬೆಳೆದ ಉಪ್ಪುಜೌಗು. ಪಕ್ಕದಲ್ಲೇ 19ನೆಯ ಶತಮಾನದಿಂದ ಬಂದ ಉಪ್ಪಿನ ಆಗರಗಳು. ಗೋಕರ್ಣದ ಬಳಿಯ ಸಾಣಿಕಟ್ಟೆಯನ್ನು ಕಂಡವರಿಗೆ ಈ ಬದುಗಳು, ಬಿಳಿ ರಾಶಿಗಳು ಹೊಸತೆನಿಸವು. ನೀರು ಆರುತ್ತ ಉಪ್ಪು ಗಟ್ಟಿಯಾದಂತೆ ಸೂಕ್ಷ್ಮಜೀವಿಗಳಿಂದ ಮಡಿಗಳು ಗುಲಾಬಿ ಬಣ್ಣಕ್ಕೆ ತಿರುಗುತ್ತವೆ. ಅಳಿವಿನಂಚಿನ ಕ್ಯಾಲಿಫೋರ್ನಿಯಾ ಕಿರು ರೀವ ಹಕ್ಕಿ ಇದೇ ಬದುಗಳ ಬರಿನೆಲದಲ್ಲಿ ಮೊಟ್ಟೆಯಿಡುತ್ತದೆ. ಚುಕ್ಕೆಯುಳ್ಳ ಆ ಮೊಟ್ಟೆ ಮಣ್ಣಿನೊಡನೆ ಬೆರೆತು ಕಣ್ಣಿಗೆ ಬೀಳುವುದೇ ಕಷ್ಟ. ಒಂದು ತಪ್ಪು ಹೆಜ್ಜೆ ಸಾಕು, ಗೂಡು ನಾಶವಾಗುತ್ತದೆ. ಆದ್ದರಿಂದ ಸವಾರರು ಬೇಲಿಯೀಚೆಯೇ ನಿಂತು ನೋಡುವುದು ಅತ್ಯಗತ್ಯ. ಕೊಲ್ಲಿದಂಡೆಯ ಸ್ವೀಟ್‌ವಾಟರ್ ಜೌಗು 1988ರಲ್ಲೂ, ದಕ್ಷಿಣ ಕೊಲ್ಲಿಯ ಭಾಗ 1999ರಲ್ಲೂ ರಾಷ್ಟ್ರೀಯ ವನ್ಯಜೀವಿ ಆಶ್ರಯತಾಣಗಳಾದವು.

ಪಶ್ಚಿಮದ ಸಿಲ್ವರ್ ಸ್ಟ್ರ್ಯಾಂಡ್ ಒಂದು ಕಿರಿದಾದ ಮರಳುಪಟ್ಟಿ. ಒಂದು ಬದಿ ಪೆಸಿಫಿಕ್, ಇನ್ನೊಂದು ಬದಿ ಶಾಂತ ಕೊಲ್ಲಿ. ಮಧ್ಯಾಹ್ನದ ಕಡಲಗಾಳಿ ಜೋರು, ಬೆಳಗಿನ ಸವಾರಿಯೇ ಹಿತ.

ಜೌಗಿನ ಪಕ್ಕ ಸಾಗುವ ಇಂಥದೇ ಮಾರ್ಗ ಲಾಸ್ ಏಂಜಲೀಸಿನಲ್ಲಿ ಬಲೋನಾ ತೊರೆಯ ದಂಡೆಯ ಸೈಕಲ್ ದಾರಿ. ಅದು ಕಲ್ವರ್ ಸಿಟಿಯಿಂದ ಹೊರಟು ಬಲೋನಾ ಜೌಗಿನ ಅಂಚಿನಲ್ಲಿ ಸಾಗಿ ಕಡಲು ಸೇರುತ್ತದೆ.