ಹಡಗೇರಿದ ಅಡಿಕೆ, ಮನೆಯಲ್ಲುಳಿದ ಪುನರ್ಪುಳಿ

ನಮ್ಮ ಕರಾವಳಿಯಿಂದ ಇಂಗ್ಲಿಷಿಗೆ ಹೋದ ತಿನ್ನುವ ಪದಾರ್ಥಗಳ ಹೆಸರುಗಳನ್ನು ಒಟ್ಟುಮಾಡಿ ನೋಡಿದರೆ ಅಡುಗೆಮನೆಯದ್ದು ಕಡಿಮೆ, ಬಂದರಿನದ್ದೇ ಹೆಚ್ಚು. ಅರೆಕಾ, ಬೀಟಲ್, ಕೋಪ್ರಾ, ಜಾಕ್, ಮ್ಯಾಂಗೋ, ಜಿಂಜರ್ ಎಲ್ಲವೂ ಮೂಟೆ ಕಟ್ಟಿ ಸಾಗಿಸಬಹುದಾದ, ಇಲ್ಲವೇ ಹಡಗಿನಿಂದ ಇಳಿದವರ ಕಣ್ಣಿಗೆ ಮೊದಲು ಬೀಳುವ ವಸ್ತುಗಳು. ಪತ್ರೊಡೆ, ಕೊಟ್ಟಿಗೆ, ಸುಟ್ಟವಿನಂಥ ಮನೆತಿಂಡಿಗಳ ಸುಳಿವಿಲ್ಲ. ಈ ಪದಗಳ ಬೇರು ಹುಡುಕುವ ಕೆಲಸ ಸುಮಾರು ಏಳುನೂರು ವರ್ಷಗಳಲ್ಲಿ ಬೆಳೆದ ಬಗೆಯನ್ನು ಕಾಸರಗೋಡಿನಿಂದ ನೋಡುವುದಕ್ಕೆ ಕಾರಣವಿದೆ. ಕನ್ನಡದಲ್ಲಿ ಅಡಿಕೆ ಎನ್ನುವವರು, ಮಲಯಾಳದಲ್ಲಿ ಅಡಕ್ಕ ಎನ್ನುವವರು, ತುಳುವಿನಲ್ಲಿ ಬಜ್ಜೈ ಎನ್ನುವವರು ಒಂದೇ ಅಂಗಡಿಗೆ ಮಾಲು ತರುವ ಜಿಲ್ಲೆ ಇದು.

ಆರಂಭದಲ್ಲಿ ಇದು ವಿದ್ಯೆಯೇ ಆಗಿರಲಿಲ್ಲ, ಕಿವಿಗೆ ಬಿದ್ದದ್ದನ್ನು ಬರೆದುಕೊಳ್ಳುವುದಷ್ಟೇ. 14ನೇ ಶತಮಾನದ ಪಾದ್ರಿ ಜೋರ್ಡಾನಸ್ ಹಲಸನ್ನು ‘ಚಾಕಿ’ ಎಂದು ಬರೆದ. ಮಲಯಾಳದ ಚಕ್ಕ ಪೋರ್ಚುಗೀಸರ ಬಾಯಲ್ಲಿ ಜಾಕಾ ಆಗಿ, ಇಂಗ್ಲಿಷಿನಲ್ಲಿ ಜಾಕ್ ಆಯಿತು. 1563ರಲ್ಲಿ ಗೋವೆಯಲ್ಲಿ ಪುಸ್ತಕ ಅಚ್ಚುಹಾಕಿಸಿದ ವೈದ್ಯ ಗಾರ್ಸಿಯಾ ದ ಓರ್ತಾ ಇನ್ನಷ್ಟು ಜಾಣ. ಮಲಬಾರಿನ ಸಾಮಾನ್ಯ ಜನರು ಅಡಿಕೆಗೆ ‘ಪಾಕ್’ ಎನ್ನುತ್ತಾರೆ, ನಾಯರುಗಳು ‘ಅರೆಕಾ’ ಎನ್ನುತ್ತಾರೆ ಎಂದು ಬೇರ್ಪಡಿಸಿ ಹೇಳಿದ. ಯಾವ ಜಾತಿಯವರ ನಾಲಗೆಯ ಪದ ಯುರೋಪಿಗೆ ಹೋಯಿತೆಂಬುದು ಅಲ್ಲೇ ಗೊತ್ತಾಗುತ್ತದೆ. ಅವನ ನಂತರ ಬಂದ ಎಷ್ಟೋ ಕೋಶಕಾರರಿಗೆ ಈ ಸೂಕ್ಷ್ಮ ಇರಲಿಲ್ಲ.

ಮುಂದಿನ ಸರದಿ ಸಸ್ಯಶಾಸ್ತ್ರಜ್ಞರದು. ಡಚ್ಚರ ವಾನ್ ರೀಡ್ ಹೊರತಂದ ‘ಹೋರ್ಟಸ್ ಮಲಬಾರಿಕಸ್’ 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಬಂತು. ಮೊದಲ ಸಂಪುಟ ತೆಂಗಿನಿಂದಲೇ ಆರಂಭ. ಅಡಿಕೆ ಮರ ಅಲ್ಲಿ ‘ಕೌಂಗ’. ತುಳುವಿನ ಕಂಗು, ಮಲಯಾಳದ ಕವುಙ್ಙು ಕೇಳಿದವರಿಗೆ ಅದು ಅಪರಿಚಿತವಲ್ಲ. ಈ ಕೆಲಸಕ್ಕೆ ನೆರವಾದವರು ವೈದ್ಯ ಇಟ್ಟಿ ಅಚ್ಯುತನ್ ಮತ್ತು ಕೊಂಕಣಿಗರಾದ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ. 1753ರಲ್ಲಿ ಲಿನೇಯಸ್ ಅಡಿಕೆ ಮರಕ್ಕೆ ಅರೆಕಾ ಕ್ಯಾಟೆಚು ಎಂಬ ಹೆಸರು ಕಾಯಂಗೊಳಿಸಿದ. ಆ ಕ್ಯಾಟೆಚುವಿನ ನೆಂಟ ನಮ್ಮ ಎಲೆಯಡಿಕೆ ತಟ್ಟೆಯ ಕಾಚು. ಕಾಚು ಅಡಿಕೆ ಮರದ್ದಲ್ಲ, ಕಗ್ಗಲಿ ಮರದ್ದು ಎಂಬುದು ಬೇರೆ ಮಾತು.

ನಿಜವಾದ ತಿರುವು 19ನೇ ಶತಮಾನದಲ್ಲಿ, ಅದೂ ಮಂಗಳೂರಿನಲ್ಲಿ. ಕಾಸರಗೋಡು ಆಗ ದಕ್ಷಿಣ ಕನ್ನಡದೊಳಗೇ ಇತ್ತು. 1872ರಲ್ಲಿ ಗುಂಡರ್ಟರ ಮಲಯಾಳ ಕೋಶ, 1886ರಲ್ಲಿ ಮೆನ್ನರರ ತುಳು ಕೋಶ, 1894ರಲ್ಲಿ ಕಿಟೆಲ್ಲರ ಕನ್ನಡ ಕೋಶ, ಮೂರೂ ಬಾಸೆಲ್ ಮಿಷನ್ನಿನವರ ಶ್ರಮದಿಂದ ಮಂಗಳೂರಿನಿಂದಲೇ ಹೊರಬಂದವು. ಅಕ್ಕಪಕ್ಕದ ಭಾಷೆಗಳನ್ನು ಎದುರುಬದುರು ಇಟ್ಟು ನೋಡುವುದು ಆಗ ಸಾಧ್ಯವಾಯಿತು. ಮೆನ್ನರರ ಕೋಶ ಬಂದ ವರ್ಷವೇ ಲಂಡನ್ನಿನಲ್ಲಿ ಯೂಲ್ ಮತ್ತು ಬರ್ನೆಲ್ಲರ ‘ಹಾಬ್ಸನ್-ಜಾಬ್ಸನ್’ ಎಂಬ ಆಂಗ್ಲೋ-ಇಂಡಿಯನ್ ಪದಗಳ ಕೋಶ ಪ್ರಕಟವಾಯಿತು. ಬರ್ನೆಲ್ ಮದ್ರಾಸ್ ಪ್ರಾಂತದ ಅಧಿಕಾರಿ, ತುಳುವರ ಭೂತಾರಾಧನೆಯ ಪಾಡ್ದನಗಳನ್ನು ಸಂಗ್ರಹಿಸಿದವರು. ಗ್ರಂಥ ಅಚ್ಚಾಗುವ ಮೊದಲೇ, 1882ರಲ್ಲಿ, ತೀರಿಕೊಂಡರು. ಬೀಟಲ್ ಎಂಬುದು ಮಲಯಾಳದ ವೆಟ್ಟಿಲ, ಅದರ ಅರ್ಥ ಬರಿಯ ಎಲೆ ಎಂಬ ವಿವರಣೆ ಅಲ್ಲಿದೆ. ಸೈನಿಕರನ್ನು ಕೂಡಿಹಾಕುವ ಕೋಣೆಗೆ ‘ಕಾಂಜಿ ಹೌಸ್’ ಎಂಬ ಹೆಸರಿತ್ತು, ಒಳಗಿದ್ದವರಿಗೆ ಗಂಜಿಯೇ ಗತಿಯಾದ್ದರಿಂದ ಎಂಬುದೂ ಇದೆ. ಆ ಪುಸ್ತಕವನ್ನು ಇವತ್ತಿಗೂ ಓದಿಸುವುದು ಇಂಥ ವಿವರಗಳೇ.

ಪೋರ್ಚುಗೀಸ್ ಕೊಂಡಿಯನ್ನು ಬಿಗಿಮಾಡಿದವರು ಗೋವೆಯ ಪಾದ್ರಿ ದಾಲ್ಗಾದೊ. 1913ರ ಅವರ ಗ್ರಂಥ ಏಷ್ಯಾದ ಭಾಷೆಗಳಿಗೆ ಬಂದ ಪೋರ್ಚುಗೀಸ್ ಪದಗಳನ್ನು ಹಿಡಿಯಿತು. 1919 ಮತ್ತು 1921ರ ಎರಡು ಸಂಪುಟಗಳು ಇಲ್ಲಿಂದ ಹೋದವುಗಳನ್ನು. ನಾವು ಪೇರಳೆ, ಅನಾನಸು ಎನ್ನುವಾಗ ಅದೇ ಹಡಗಿನ ಮರುಪ್ರಯಾಣದ ಸರಕನ್ನೇ ತಿನ್ನುತ್ತಿರುತ್ತೇವೆ. 1952ರಲ್ಲಿ ಅಲನ್ ರಾಸ್ ಜಿಂಜರ್ ಎಂಬ ಒಂದೇ ಪದದ ಮೇಲೆ ಪುಸ್ತಕ ಬರೆದರು! ಇಂಜಿ ಎಂಬ ದ್ರಾವಿಡ ಮಾತು ಪ್ರಾಕೃತ, ಗ್ರೀಕ್, ಲ್ಯಾಟಿನ್ ದಾಟಿ ಇಂಗ್ಲಿಷಿಗೆ ಸೇರಿದ ದಾರಿ ಅಷ್ಟು ಉದ್ದದ್ದು. ನಾವೋ ಅದನ್ನು ಬಿಟ್ಟು ಸಂಸ್ಕೃತದ ಶುಂಠಿಯನ್ನು ಇಟ್ಟುಕೊಂಡಿದ್ದೇವೆ.

ಬರೋ ಮತ್ತು ಎಮೆನೋ ಅವರ ದ್ರಾವಿಡ ನಿಷ್ಪತ್ತಿ ಕೋಶ 1961ರಲ್ಲಿ ಬಂದ ಮೇಲೆ, ಅರೆಕಾ ಮಲಯಾಳದ್ದೋ ಕನ್ನಡದ್ದೋ ಎಂಬ ಜಗಳದ ಕಾವು ಇಳಿಯಬೇಕಿತ್ತು. ಅಡಿಕೆ, ಅಡಕ್ಕ, ತಮಿಳಿನ ಅಡೈಕ್ಕಾಯ್ ಒಂದೇ ಬಳ್ಳಿಯ ಕುಡಿಗಳೆಂಬುದು ಅಲ್ಲಿ ಸ್ಪಷ್ಟ. ಕೇಳಬೇಕಾದದ್ದು ಪದ ಯಾವ ಭಾಷೆಯದ್ದೆಂದಲ್ಲ, ಯಾವ ಬಂದರಿನಲ್ಲಿ ಹಡಗೇರಿತೆಂದು. ಪೋರ್ಚುಗೀಸರು 1498ರಲ್ಲಿ ಮೊದಲು ಮುಟ್ಟಿದ್ದು ಕೋಝಿಕ್ಕೋಡಿನ ಕಡಲತೀರವನ್ನು. ಪದ ಸಂಗ್ರಹಿಸಿದವರೂ ಮಲಬಾರನ್ನೇ ಹೆಸರಿಸುತ್ತಾರೆ. ಆದ್ದರಿಂದ ಕೋಶಗಳು ಮಲಯಾಳವನ್ನು ಹೇಳುವುದರಲ್ಲಿ ತಪ್ಪಿಲ್ಲ. ಕೊಬ್ಬರಿಯ ವಿಷಯ ಅಷ್ಟು ಸಲೀಸಲ್ಲ. ಕೋಪ್ರಾ ಮಲಯಾಳದ ಕೊಪ್ಪರದಿಂದ ಹೋಯಿತೆಂದರೂ ಹಿಂದಿಯ ಖೋಪ್ರಾ ಪಕ್ಕದಲ್ಲೇ ನಿಂತಿದೆ.

ಇಲ್ಲೊಂದು ಅಡ್ಡಮಾತು. ಮಂಜೇಶ್ವರದ ಗೋವಿಂದ ಪೈಗಳನ್ನು ಸೆಳೆದ ಗ್ರೀಕ್ ಪ್ರಹಸನವೊಂದು ಈಜಿಪ್ಟಿನ ಪಪೈರಸ್ಸಿನಲ್ಲಿ ಸಿಕ್ಕಿತ್ತು. ಅದರಲ್ಲಿ ಕನ್ನಡದ ಮಾತಿದೆಯೆಂದು 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಟ್ಸ್ ಹೇಳಿದ್ದರು. ಅವರು ಓದಿಕೊಂಡ ಸಾಲು ಮದ್ಯ ಸುರಿಯುವುದರ ಬಗ್ಗೆ. ಆ ಓದು ನನಗೆ ಪೂರ್ತಿ ಒಪ್ಪಿಗೆಯಿಲ್ಲ, ಆದರೆ ಇಂಥ ಹುಡುಕಾಟವನ್ನು ಕರಾವಳಿಯ ಮನೆಯೊಂದರಲ್ಲಿ ಕುಳಿತು ಬೆಳೆಸಿದ ಪೈಗಳ ಹುಮ್ಮಸ್ಸು ದೊಡ್ಡದು.

ಅವರ ಹೆಸರಿನ ಉಡುಪಿಯ ಸಂಶೋಧನ ಕೇಂದ್ರವೇ ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ 1988ರಿಂದ 1997ರವರೆಗೆ ಆರು ಸಂಪುಟಗಳ ತುಳು ನಿಘಂಟು ತಂದಿತು. ಆಡುಮಾತಿನ ಪ್ರಭೇದಗಳನ್ನು ಕೂಡಿಸಿದ ಈ ಬಗೆಯ ಕೆಲಸ ಕಾಸರಗೋಡಿನ ಹವ್ಯಕ, ಬ್ಯಾರಿ, ಕರಾಡ ಮಾತುಗಳಿಗೂ ಆಗಬೇಕು. ಇಂಥ ಆಡುಮಾತುಗಳಲ್ಲೇ ಉಳಿದ ಪುನರ್ಪುಳಿಯ ಪಾಡು ನೋಡಿ. ಇಂಗ್ಲಿಷ್ ಅದನ್ನು ಮರಾಠಿಯ ಕೋಕಂ ಮೂಲಕ ಪಡೆಯಿತು. ಬಜ್ಜೈಯಂತೆ ಈ ಹೆಸರೂ ಹಡಗು ಹತ್ತಲಿಲ್ಲ. ಸಾರು, ಶರಬತ್ತುಗಳಲ್ಲೇ ಉಳಿದಿದೆ, ಅಂಗಡಿಯ ಬಾಟಲಿಯ ಚೀಟಿಯಲ್ಲಿ ಮಾತ್ರ ಕೋಕಂ ಎಂದು ಓದಬೇಕಾಗುತ್ತದೆ.