ನಿಪ್ಪಾಣಿಯ ತೊಟ್ಟಿಲು

ಸಿಲ್ಲಾ ಅರಮನೆಯಲ್ಲಿ ರಾಣಿಗೆ ಹೆರಿಗೆ ನೋವು. ಹುಟ್ಟಿದ್ದು ಅವಳಿ ಹೆಣ್ಣು. ಅವಳಿ ಹುಟ್ಟಿದರೆ ರಾಜವಂಶದ ಗಂಡುಬಳ್ಳಿ ಅಲ್ಲಿಗೇ ಕಡಿಯುತ್ತದೆ ಎಂದು ಭವಿಷ್ಯ ನುಡಿದವರಿದ್ದಾರೆ. ವೈರಿಗಳು ಬಾಗಿಲಿಗೆ ಬರುವ ಮೊದಲೇ ಒಂದು ಕೂಸನ್ನು ದಾಸಿಯೊಬ್ಬಳು ಬಟ್ಟೆಯಲ್ಲಿ ಸುತ್ತಿಕೊಂಡು ಅರಮನೆಯಿಂದ ಹೊರಬೀಳುತ್ತಾಳೆ. 2009ರಲ್ಲಿ ಕೊರಿಯಾದ ಟಿವಿಯಲ್ಲಿ 62 ಕಂತು ಓಡಿದ ‘ಕ್ವೀನ್ ಸೊಂಡೊಕ್’ ಧಾರಾವಾಹಿಯ ಗಂಟು ಬಿಗಿಯುವುದು ಹೀಗೆ. ಸೊಂಡೊಕ್ ಕೊರಿಯಾದ ಸಿಲ್ಲಾ ರಾಜ್ಯದ ನಿಜವಾದ ರಾಣಿ. 632ರಿಂದ 647ರವರೆಗೆ ಆಳಿದವಳು. ಅವಳಿ ಕೂಸಿನ ಕಥೆ ಮಾತ್ರ ಧಾರಾವಾಹಿಯವರು ಕಟ್ಟಿದ್ದು.

ನಿಪ್ಪಾಣಿಯಲ್ಲಿ ನಡೆಯಿತೆಂದು ಹೇಳುವ ಕಥೆ ಇದರ ತಿರುವುಮುರುವು. ಅಲ್ಲಿ ಕೂಸನ್ನು ಹೊರಗೆ ಸಾಗಿಸಲಿಲ್ಲ, ಒಳಗೆ ತಂದರು. ಹಾಗೆಂಬುದು ಆರೋಪ. ಆ ಒಂದು ಆರೋಪಕ್ಕೆ ಸಂಸ್ಥಾನವೇ ಹೋಯಿತು. ಕೊರಿಯಾದ ಬಣ್ಣಬಣ್ಣದ ಅರಮನೆಗಳಲ್ಲಿ ಸವತಿಮತ್ಸರ, ವಿಷದ ಬಟ್ಟಲು, ಸುಳ್ಳು ಮುದ್ರೆ ನೋಡಿ ಬಾಯಿಬಿಡುವ ಚಿಕ್ಕೋಡಿ ಸೀಮೆಯ ಹುಡುಗ ಹುಡುಗಿಯರಿಗೆ, ಅಂಥದ್ದೇ ಕಥೆ ತಮ್ಮೂರಿನ ಹೆದ್ದಾರಿ ಪಕ್ಕದಲ್ಲೇ ನಡೆದಿತ್ತೆಂದು ಯಾರೂ ಹೇಳಿರುವುದಿಲ್ಲ. ನಿಪ್ಪಾಣಿ ಎಂದರೆ ತಂಬಾಕು, ಬೀಡಿ, ಪುಣೆ-ಬೆಂಗಳೂರು ರಸ್ತೆ. ವಾಡೆಯ ನೆನಪು ಅದರ ಹಿಂದೆ ಮುಚ್ಚಿಹೋಗಿದೆ.

ಆ ವಾಡೆಯ ಯಜಮಾನ ಸಿದ್ಧೋಜಿರಾವ್ ನಿಂಬಾಳ್ಕರ್. ಕಾಗದಪತ್ರಗಳಲ್ಲಿ ಅವನು ನಿಪ್ಪಾಣಕರ. ಇಂಗ್ಲಿಷರ ಬಾಯಲ್ಲಿ ಅಪ್ಪಾ ದೇಸಾಯಿ. ಹೆಸರು ಮೂರಿದ್ದವನಿಗೆ ನಿಷ್ಠೆಯೂ ಹೆಚ್ಚುಕಡಿಮೆ ಅಷ್ಟೇ ಇತ್ತು ಅನ್ನಬಹುದು, ಆದರೆ ಆ ಕಾಲದ ಸರದಾರರೆಲ್ಲರೂ ಹಾಗೆಯೇ. 1803ರಲ್ಲಿ ಪೇಶ್ವೆ ಎರಡನೆಯ ಬಾಜಿರಾಯನನ್ನು ಮತ್ತೆ ಗಾದಿಗೆ ಕೂರಿಸಲು ಆರ್ಥರ್ ವೆಲ್ಲೆಸ್ಲಿ ಪುಣೆಗೆ ದಂಡೆತ್ತಿ ಹೋದಾಗ ಅಪ್ಪಾ ದೇಸಾಯಿ ತನ್ನ ಕುದುರೆ ದಂಡಿನೊಂದಿಗೆ ಜೊತೆಗೂಡಿದ. ಪೇಶ್ವೆಯಿಂದ ‘ಸರಲಷ್ಕರ್’ ಎಂಬ ಬಿರುದು ಬಂತು. ವಾಟರ್ಲೂದಲ್ಲಿ ನೆಪೋಲಿಯನ್ನನನ್ನು ಸೋಲಿಸಿ ಜಗತ್ತಿನ ಪಾಠಪುಸ್ತಕ ಸೇರಿದ ಆ ವೆಲ್ಲೆಸ್ಲಿಯ ಪತ್ರಗಳಲ್ಲಿ ನಿಪ್ಪಾಣಿಯ ದೇಸಾಯಿಯ ಹೆಸರು ಸಿಗುತ್ತದೆ.

ನಿಪ್ಪಾಣಿಗೆ ತಾಗಿ ಉತ್ತರಕ್ಕೆ ಕೊಲ್ಹಾಪುರದ ಛತ್ರಪತಿಗಳ ರಾಜ್ಯ. ಇಬ್ಬರ ಕಣ್ಣೂ ಒಂದೇ ಕಡೆ: ಚಿಕ್ಕೋಡಿ ಮತ್ತು ಮುನವಳ್ಳಿ. 1808ರಿಂದ ಮುಂದಿನ ನಾಲ್ಕು ವರ್ಷ ಈ ಎರಡು ತಾಲ್ಲೂಕುಗಳಿಗಾಗಿ ಕಾದಾಟ. ಪೇಶ್ವೆಯ ಬೆಂಬಲ ನಿಪ್ಪಾಣಕರನಿಗೆ. ಯಾವ ಧಾರಾವಾಹಿ ಬರಹಗಾರನೂ ಬಿಡದಂಥ ತಿರುವು ಇದರ ನಡುವೆ ಬಂತು. ಜಗಳ ಮುಗಿಸಲು ಕೊಲ್ಹಾಪುರದ ಅರಮನೆಯ ಹೆಣ್ಣನ್ನೇ ನಿಪ್ಪಾಣಕರನಿಗೆ ಮದುವೆ ಮಾಡಿಕೊಟ್ಟರು. ಅಕ್ಷತೆ ಬಿದ್ದರೂ ಹಗೆ ಆರಲಿಲ್ಲ. ಕಡೆಗೆ 1812ರಲ್ಲಿ ಇಂಗ್ಲಿಷರು ನಡುವೆ ಬಂದು ಕೊಲ್ಹಾಪುರದೊಂದಿಗೆ ಒಪ್ಪಂದ ಬರೆದರು. ಚಿಕ್ಕೋಡಿ-ಮುನವಳ್ಳಿಯ ಹಕ್ಕನ್ನು ಕೊಲ್ಹಾಪುರ ಬಿಟ್ಟುಕೊಡಬೇಕಾಯಿತು. ಆರು ವರ್ಷಕ್ಕೆ ಚಕ್ರ ತಿರುಗಿತು. 1818ರಲ್ಲಿ ಪೇಶ್ವೆ ರಾಜ್ಯ ಮುಳುಗುವಾಗ ಕೊಲ್ಹಾಪುರದವರು ಜನರಲ್ ಮನ್ರೋನ ಕಡೆ ನಿಂತರು. ಅವೇ ಎರಡು ತಾಲ್ಲೂಕು ಬಹುಮಾನವಾಗಿ ಅವರಿಗೆ ಮರಳಿದವು. ನಿಪ್ಪಾಣಕರನ ಜಹಗೀರು ಉಳಿಯಿತು, ಹಿಗ್ಗು ಉಳಿಯಲಿಲ್ಲ.

ಕೊಲ್ಹಾಪುರದ ಅರಮನೆಯಾದರೂ ಸುಖದಲ್ಲಿತ್ತೇ? 1821ರಲ್ಲಿ ರಾಜ ಆಬಾಸಾಹೇಬನನ್ನು ಅವನ ಅರಮನೆಯಲ್ಲೇ ಮೋಹಿತೆ ಮನೆತನದವನೊಬ್ಬ ಕೊಂದ. ಹಿಂದೆ ಉಳಿದದ್ದು ಎಳೆಗೂಸು. ಮರುವರ್ಷ ಅದೂ ತೀರಿಕೊಂಡಿತು. ಗಾದಿ ಏರಿದ ತಮ್ಮ ಬಾವಾಸಾಹೇಬ ನೆರೆಯ ಜಹಗೀರುದಾರರ ಮೇಲೆಲ್ಲ ಬೀಳತೊಡಗಿದ. ಈಸ್ಟ್ ಇಂಡಿಯಾ ಕಂಪನಿ ಸರಕಾರ 1827ರಲ್ಲಿ ಚಿಕ್ಕೋಡಿಯನ್ನೂ ಮುನವಳ್ಳಿಯನ್ನೂ ಕಿತ್ತುಕೊಂಡು ತನ್ನಲ್ಲೇ ಇಟ್ಟುಕೊಂಡಿತು. ಇಪ್ಪತ್ತು ವರ್ಷದೊಳಗೆ ಚಿಕ್ಕೋಡಿಯ ರೈತ ಫಾಳಾ ತುಂಬಿದ್ದು ಮೂರು ಧಣಿಗಳ ಕಚೇರಿಗೆ.

ಈ ಕಾಲಕ್ಕೆ ನಿಪ್ಪಾಣಕರನಿಗೆ ವಯಸ್ಸಾಗಿತ್ತು. ಗಂಡುಮಗನಿರಲಿಲ್ಲ.

ಒಂದು ವಾಡೆಗೆ ಗಂಡು ಸಂತಾನವಿಲ್ಲ ಅನ್ನುವುದು ಬರೇ ಗಂಡಹೆಂಡಿರ ಕೊರಗಲ್ಲ. ಫಡದಲ್ಲಿ ಲೆಕ್ಕ ಬರೆಯುವ ಕಾರಕೂನ, ದೇವಡಿ ಕಾಯುವ ಸಿಪಾಯಿ, ಕುದುರೆ ಲಾಯದವನು, ದೇವರ ಮನೆಯ ಭಟ್ಟರು, ಅಡುಗೆಯವಳು, ಸಾಲ ಕೊಟ್ಟ ಸಾಹುಕಾರ, ಇಷ್ಟೂ ಜನರ ಅನ್ನ ಒಂದು ತೊಟ್ಟಿಲಿಗೆ ತೂಗುಬಿದ್ದಿರುತ್ತದೆ. ತೊಟ್ಟಿಲು ತೂಗಿದರೆ ಜಹಗೀರು ಮುಂದುವರಿಯುತ್ತದೆ. ತೂಗದಿದ್ದರೆ ಬೆಳಗಾವಿಯಿಂದ ಸಾಹೇಬ ಬಂದು ದಫ್ತರಕ್ಕೆ ಮೊಹರು ಹಚ್ಚುತ್ತಾನೆ. ಇಂಥ ಹೊತ್ತಿನಲ್ಲಿ ಒಳವಾಡೆಯಿಂದ ಸುದ್ದಿ ಬಂತು: ಗಂಡು ಹುಟ್ಟಿತು.

ಕಂಪನಿಯ ಅಧಿಕಾರಿಗಳು ನಂಬಲಿಲ್ಲ. ವಿಚಾರಣೆ ಆಯಿತು. ಕೂಸು ನಿಪ್ಪಾಣಕರನದಲ್ಲ, ಹೊರಗಿನಿಂದ ತಂದು ಮಲಗಿಸಿದ್ದು ಎಂದು ತೀರ್ಮಾನ ಬರೆದರು. ಮೋಸಕ್ಕೆ ಶಿಕ್ಷೆಯಾಗಿ ದತ್ತಕದ ದಾರಿಯನ್ನೂ ಮುಚ್ಚಿದರು. ಯಜಮಾನ ಕಣ್ಣು ಮುಚ್ಚಿದ ದಿನ ಸಂಸ್ಥಾನ ಸರಕಾರದ್ದು.

ನಮ್ಮ ಕಡೆ ಬಸುರಿಯ ಸುದ್ದಿ ಮುಚ್ಚಿಡುವುದು ಎಷ್ಟು ಕಷ್ಟವೋ, ಇಲ್ಲದ ಬಸುರನ್ನು ಒಂಬತ್ತು ತಿಂಗಳು ನಡೆಸುವುದು ಅದಕ್ಕಿಂತ ಕಷ್ಟ. ಹಸಿರು ಕುಬಸ ಮಾಡಬೇಕು, ತವರಿನಿಂದ ಬುತ್ತಿ ಬರಬೇಕು, ಓಣಿಯ ಮುತ್ತೈದೆಯರು ಆರತಿ ಎತ್ತಬೇಕು. ಸೂಲಗಿತ್ತಿ ಬೇಕು, ಹೊಕ್ಕಳುಬಳ್ಳಿ ಕೊಯ್ಯಬೇಕು, ಬಾಣಂತಿಗೆ ಎಣ್ಣೆ ನೀರು, ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ, ಐದನೆಯ ದಿನ ಸಟವಿಯ ಪೂಜೆ. ಹಾಲಿಗೆ ಅಳುವ ಕೂಸಿಗೆ ಹಾಲು ಕುಡಿಸುವವಳು ಯಾರು ಎಂಬುದು ಬೇರೆ. ಇಷ್ಟು ಕೈಗಳನ್ನು ಹಾಯುವ ಗುಟ್ಟು ಒಂದೇ ಬಾಯಿಂದ ಹೊರಬೀಳಬೇಕಾದ್ದಿಲ್ಲ. ಮೋಸ ನಡೆದಿದ್ದರೆ ಅದು ಬಯಲಾದದ್ದು ಆಶ್ಚರ್ಯವಲ್ಲ. ಆದರೆ ಒಂದು ಮಾತು ಮರೆಯುವಂತಿಲ್ಲ. ಆರೋಪ ಹೊರಿಸಿದವರು, ವಿಚಾರಣೆ ಮಾಡಿದವರು, ತೀರ್ಪು ಬರೆದವರು, ತೀರ್ಪಿನಿಂದ ಸಂಸ್ಥಾನ ಪಡೆದವರು ಎಲ್ಲರೂ ಒಬ್ಬರೇ. ಬಾಣಂತಿ ಕೋಣೆಯೊಳಗಿನ ಹೆಂಗಸರು ಏನು ಹೇಳುತ್ತಿದ್ದರೋ, ಅವರ ಕೈಗೆ ಯಾರೂ ಲೇಖನಿ ಕೊಡಲಿಲ್ಲ.

ಇದೇ ಸೀಮೆಯಲ್ಲಿ ಸಂಶಯಕ್ಕೆ ಒಂದು ಹಳೆಯ ಪೂರ್ವಪೀಠಿಕೆಯೂ ಇತ್ತು. 1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ಶಿವಲಿಂಗರುದ್ರ ದೇಸಾಯಿ ಮಕ್ಕಳಿಲ್ಲದೆ ತೀರಿಕೊಂಡಾಗ, ಮಾಸ್ತಮರಡಿಯ ಹುಡುಗನನ್ನು ದತ್ತಕ ತೆಗೆದುಕೊಂಡ ಪತ್ರ ಧಾರವಾಡದ ಕಲೆಕ್ಟರ್ ಥ್ಯಾಕರೆಯ ಮೇಜಿಗೆ ಬಂತು. ಪತ್ರದ ಮೇಲಿನ ಸಹಿ ದೇಸಾಯಿಯದಲ್ಲ ಎಂದು ಥ್ಯಾಕರೆ ಪಟ್ಟು ಹಿಡಿದ. ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಅವನ ಹೆಣ ಬಿತ್ತು. ಡಿಸೆಂಬರಿನಲ್ಲಿ ಕೋಟೆಯೂ ಬಿತ್ತು. ಅಲ್ಲಿ ಸುಳ್ಳು ಸಹಿ, ಇಲ್ಲಿ ಸುಳ್ಳು ಕೂಸು. ಕಿತ್ತೂರಿನ ರಾಣಿ ಚೆನ್ನಮ್ಮನ ಕಥೆಗೆ ಲಾವಣಿಗಳಿವೆ, ನಾಟಕಗಳಿವೆ, 1961ರ ಸಿನೆಮಾ ಇದೆ. ನಿಪ್ಪಾಣಿಯ ಕಥೆ ಗೆಜೆಟಿಯರಿನ ಕೆಲವು ಸಾಲುಗಳಲ್ಲಿ ಮುಗಿದುಹೋಯಿತು. ವಂಚನೆಯ ಕಲೆ ಹತ್ತಿದ ಮನೆಗೆ ಲಾವಣಿ ಕಟ್ಟುವವರು ಕಡಿಮೆ.

ಸಿದ್ಧೋಜಿರಾವ್ 1839ರಲ್ಲಿ ತೀರಿಕೊಂಡ. ಬರೆದಿಟ್ಟಂತೆ ಸಂಸ್ಥಾನ ಜಪ್ತಿಯಾಯಿತು. ಆದರೆ ಜಹಗೀರನ್ನು ಒಂದು ಹುಕುಮಿನಿಂದ ಮುಗಿಸಬಹುದು, ಅದರ ಸಿಬ್ಬಂದಿಯನ್ನು ಮುಗಿಸುವುದು ಸುಲಭವಲ್ಲ. ಮರಾಠಾ ಸರದಾರರ ಪದರಿನಲ್ಲಿ ಅರಬ ಸಿಪಾಯಿಗಳು ಬಹಳ; ಕೋಟೆ ಕಾಯುವುದರಲ್ಲಿ ಅವರು ಹೆಸರಾದವರು, ಪಗಾರ ಕಟ್ಟಾದರೆ ಕೋಟೆ ಹಿಡಿಯುವುದರಲ್ಲೂ. 1841ರ ಫೆಬ್ರವರಿಯಲ್ಲಿ ಅರಬರ ಗುಂಪೊಂದು ನಿಪ್ಪಾಣಿಯ ಕೋಟೆ ಹೊಕ್ಕು ವಶಮಾಡಿಕೊಂಡಿತು. ಬೆಳಗಾವಿ ದಂಡಿನಿಂದ ಸೈನ್ಯ ಬಂದು ಕೋಟೆಯನ್ನು ಮರಳಿ ಪಡೆಯಿತು.

ಈಗ ಮತ್ತೆ ಕೊರಿಯಾಕ್ಕೆ. 1849ರಲ್ಲಿ, ಅಂದರೆ ನಿಪ್ಪಾಣಿ ಜಪ್ತಿಯಾಗಿ ಸರಿಯಾಗಿ ಹತ್ತು ವರ್ಷಕ್ಕೆ, ಜೋಸೊನ್ ವಂಶದ ರಾಜ ಹೊನ್‌ಜೊಂಗ್ ಮಕ್ಕಳಿಲ್ಲದೆ ಸತ್ತ. ಅರಮನೆಯ ಹಿರಿಯ ರಾಜಮಾತೆ ಸುನ್‌ವೊನ್ ಗಂಗ್ವಾ ದ್ವೀಪಕ್ಕೆ ಪಲ್ಲಕ್ಕಿ ಕಳಿಸಿದಳು. ಅಲ್ಲಿ ಗಡೀಪಾರಾಗಿದ್ದ ರಾಜವಂಶದ ಒಂದು ಕೊಂಬೆಯ ಹುಡುಗ ಹೊಲದ ಕೆಲಸ ಮಾಡಿಕೊಂಡಿದ್ದ. ವಯಸ್ಸು ಹದಿನೆಂಟು. ಅವನನ್ನು ಕರೆಸಿ, ದತ್ತಕ ತೆಗೆದುಕೊಂಡು ಸಿಂಹಾಸನದ ಮೇಲೆ ಕೂರಿಸಿದಳು. ಇತಿಹಾಸದಲ್ಲಿ ಅವನ ಹೆಸರು ಚೊಲ್‌ಜೊಂಗ್. ಹುಡುಗ ಅವಳ ತವರಿನವರ ಕೈಗೊಂಬೆಯಾದ, ಅದು ಬೇರೆ ಮಾತು. 2020ರ ‘ಮಿಸ್ಟರ್ ಕ್ವೀನ್’ ಧಾರಾವಾಹಿಯಲ್ಲಿ ರಾಣಿಯ ಗಂಡನಾಗಿ ಬರುವ ರಾಜ ಇವನೇ. ರಾಜಮಾತೆ ಮಾಡಿದ್ದು ಕಿತ್ತೂರಿನವರು ಮಾಡಿದ್ದಕ್ಕಿಂತ ಬೇರೆಯಲ್ಲ. ಸಹಿಯನ್ನು ಭೂತಗನ್ನಡಿಯಲ್ಲಿ ನೋಡುವ ಕಲೆಕ್ಟರ್ ಸೋಲ್ ನಗರದಲ್ಲಿ ಇರಲಿಲ್ಲ, ಅಷ್ಟೇ.

ಇನ್ನೊಂದು ಅಂತರ ಬರಹದ್ದು. ಜೋಸೊನ್ ದರಬಾರಿನಲ್ಲಿ ಬಖೈರುಕಾರರು ರಾಜನ ಜೊತೆಗೇ ಇದ್ದು ಆಡಿದ್ದನ್ನು, ಮಾಡಿದ್ದನ್ನು ದಿನದಿನವೂ ಬರೆಯುತ್ತಿದ್ದರು. ಬರೆದದ್ದನ್ನು ರಾಜ ನೋಡುವಂತಿರಲಿಲ್ಲ; ಅವನು ಸತ್ತ ಮೇಲೆಯೇ ಅದು ಗ್ರಂಥವಾಗುತ್ತಿತ್ತು. 1404ರಲ್ಲಿ ರಾಜ ತೇಜೊಂಗ್ ಬೇಟೆಗೆ ಹೋಗಿ ಕುದುರೆಯಿಂದ ಬಿದ್ದ. ಎದ್ದವನೇ ಸುತ್ತ ನೋಡಿ, ಬರೆಯುವವನಿಗೆ ಇದು ತಿಳಿಯಬಾರದು ಎಂದ. ಬಿದ್ದದ್ದೂ ದಾಖಲಾಯಿತು, ತಿಳಿಯಬಾರದು ಎಂದದ್ದೂ ದಾಖಲಾಯಿತು. ನಿಪ್ಪಾಣಿಯ ವಾಡೆಗೆ ಅಂಥ ಒಬ್ಬ ಇದ್ದಿದ್ದರೆ ಕೂಸಿನ ಮಾತು ಇನ್ನೊಂದು ಬಾಯಿಂದಲೂ ಕೇಳುತ್ತಿತ್ತು.

ವಾರಸಿಲ್ಲದೆ ಹೋದ ಸಂಸ್ಥಾನ ನಿಪ್ಪಾಣಿಯೊಂದೇ ಅಲ್ಲ. ಕಾಗವಾಡದ ಬದಿಯ ಶೇಡಬಾಳದಲ್ಲಿ ಮೋಸದ ಮಾತೇ ಬರಲಿಲ್ಲ. 1811ರಲ್ಲಿ ಕುರುಂದವಾಡದ ಪಟವರ್ಧನರ ಆಸ್ತಿ ಪಾಲಾದಾಗ ಶೇಡಬಾಳ ಬೇರೆ ಸಂಸ್ಥಾನವಾಗಿತ್ತು. ಗಂಡು ಸಂತಾನವಿಲ್ಲವೆಂದು 1857ರಲ್ಲಿ ಅದನ್ನೂ ಸರಕಾರ ನುಂಗಿತು. ಅದೇ ವರ್ಷ ಉತ್ತರದಲ್ಲಿ ದಂಗೆಯ ಬೆಂಕಿ ಹತ್ತಿತು. ಬೆಂಕಿ ಆರಿದ ಮೇಲೆ ಇಂಗ್ಲಿಷರು ಲೆಕ್ಕ ಬದಲಿಸಿದರು. 1862ರಲ್ಲಿ ವೈಸರಾಯ್ ಕ್ಯಾನಿಂಗ್ ಸಂಸ್ಥಾನಿಕರಿಗೆ ದತ್ತಕದ ಸನದುಗಳನ್ನು ಹಂಚಿದ. ಶೇಡಬಾಳಕ್ಕೆ ಐದು ವರ್ಷ ತಡವಾಗಿ, ನಿಪ್ಪಾಣಿಗೆ ಇಪ್ಪತ್ಮೂರು ವರ್ಷ ತಡವಾಗಿ.

ಕೊಲ್ಹಾಪುರಕ್ಕೆ ಮಾತ್ರ ಹೊತ್ತಿಗೆ ಸರಿಯಾಗಿ ಬಂತು. ಆ ಮನೆತನದಲ್ಲಿ ಅಲ್ಲಿಂದ ಮುಂದೆ ಒಂದರ ಹಿಂದೆ ಒಂದು ದತ್ತಕ. 1884ರ ಮಾರ್ಚಿನಲ್ಲಿ ವಿಧವೆ ರಾಣಿ ಆನಂದಿಬಾಯಿ ದತ್ತಕ ತೆಗೆದುಕೊಂಡದ್ದು ಕಾಗಲ್ ಘಾಟಗೆ ಮನೆತನದ ಒಂಬತ್ತು ವರ್ಷದ ಯಶವಂತರಾಯನನ್ನು. ನಿಪ್ಪಾಣಿಯಿಂದ ಕೊಲ್ಹಾಪುರಕ್ಕೆ ಹೋಗುವ ರಸ್ತೆಯ ಮೇಲೆಯೇ ಕಾಗಲ್. ಹುಡುಗನಿಗೆ ಇಟ್ಟ ಹೊಸ ಹೆಸರು ಶಾಹು. 1894ರಲ್ಲಿ ಅವನ ಕೈಗೆ ಅಧಿಕಾರ ಬಂತು. 1902ರ ಜುಲೈ 26ರಂದು ರಾಜ್ಯದ ನೌಕರಿಗಳಲ್ಲಿ ನೂರಕ್ಕೆ ಐವತ್ತನ್ನು ಹಿಂದುಳಿದವರಿಗೆ ಮೀಸಲಿಡುವ ಹುಕುಮು ಹೊರಟಿತು. 1949ರಲ್ಲಿ ಕೊಲ್ಹಾಪುರ ಮುಂಬಯಿ ಪ್ರಾಂತದಲ್ಲಿ ಸೇರುವವರೆಗೂ ರಾಯಬಾಗ ಆ ರಾಜ್ಯದ್ದೇ ತುಂಡು. ಹಾಗಾಗಿ ಶಾಹುವಿನ ಹುಕುಮು ರಾಯಬಾಗಕ್ಕೆ ಅನ್ವಯಿಸಿತು. ಹೊಲದ ಬದುವಿನಾಚೆಯ ಚಿಕ್ಕೋಡಿಗೆ, ನಿಪ್ಪಾಣಿಗೆ, ಅಥಣಿಗೆ ಅನ್ವಯಿಸಲಿಲ್ಲ. ಅವು ಅಷ್ಟು ಹೊತ್ತಿಗೆ ಬೆಳಗಾವಿಯ ಕಲೆಕ್ಟರನ ಕಂದಾಯ ಪುಸ್ತಕದಲ್ಲಿದ್ದವು.