ಶಸ್ತ್ರಕ್ಕೆ ಮೊದಲು ಮದ್ದು

1933ರ ಏಪ್ರಿಲ್ 5ರಂದು ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಇವಾರ್ಟ್ಸ್ ಗ್ರಹಾಂ ಎಂಬ ಶಸ್ತ್ರವೈದ್ಯರು ಜೇಮ್ಸ್ ಗಿಲ್ಮೋರ್ ಎಂಬವರ ಕ್ಯಾನ್ಸರ್ ತಗುಲಿದ ಎಡ ಶ್ವಾಸಕೋಶವನ್ನು ಇಡಿಯಾಗಿ ತೆಗೆದರು. ರೋಗಿಯೂ ವೈದ್ಯರೇ, ಆಮೇಲೆ ಸುಮಾರು 30 ವರ್ಷ ಬದುಕಿದರು. ಗ್ರಹಾಂ ಮಾತ್ರ 1957ರಲ್ಲಿ ಅದೇ ರೋಗಕ್ಕೆ ತುತ್ತಾದರು. ಎರಡೂ ಶ್ವಾಸಕೋಶಗಳಿಗೆ ಹಬ್ಬಿದ್ದ ಕ್ಯಾನ್ಸರಿಗೆ ಶಸ್ತ್ರದಲ್ಲಿ ಉತ್ತರವಿರಲಿಲ್ಲ.

ಶ್ರೋತೃಗಳೇ, ನಾನು ಕನ್ನಡದ ಮೇಷ್ಟ್ರು, ವೈದ್ಯನಲ್ಲ. ಈ ಚರಿತ್ರೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಕ್ರಮದ ಪ್ರಶ್ನೆ. ಕನ್ನಡ ವಾಕ್ಯದಲ್ಲಿ ಪದಗಳು ಹಿಂದುಮುಂದಾದರೂ ವಿಭಕ್ತಿ ಅರ್ಥವನ್ನು ಕಾಯುತ್ತದೆ. ಚಿಕಿತ್ಸೆಗೆ ಆ ಸೌಲಭ್ಯವಿಲ್ಲ. ಶಸ್ತ್ರ ಕಾಣುವ ಗಡ್ಡೆಯನ್ನು ತೆಗೆದೀತು. ಎದೆಯ ನಡುವಣ ಗ್ರಂಥಿಗಳನ್ನು ದಾಟಿದ ಕಾಣದ ಕಣಗಳನ್ನಲ್ಲ. ಹಾಗಾದರೆ ಮದ್ದು ಮೊದಲಾಗಬಾರದೇಕೆ? ಮದ್ದು ಫಲಿಸದಿದ್ದರೆ ಶಸ್ತ್ರದ ಸಮಯ ಮೀರಿಹೋದೀತೆಂಬ ಭಯ ಸಣ್ಣದಲ್ಲ.

1994ರಲ್ಲಿ ಸ್ಪೇನಿನಿಂದಲೂ ಅಮೆರಿಕದ ಹೂಸ್ಟನ್ನಿನಿಂದಲೂ ತಲಾ 60 ರೋಗಿಗಳ ಎರಡು ಪರೀಕ್ಷೆಗಳ ಫಲಿತಾಂಶ ಬಂತು. ಸ್ಪೇನಿನಲ್ಲಿ ಎರಡೂ ಗುಂಪಿಗೆ ಶಸ್ತ್ರದ ಬಳಿಕ ವಿಕಿರಣ ಚಿಕಿತ್ಸೆಯಿತ್ತು. ಒಂದಕ್ಕೆ ಮೊದಲು ಕೀಮೊಥೆರಪಿಯೂ ಸಿಕ್ಕಿತು. ಬದುಕಿನ ಮಧ್ಯಾಂಕ 8 ತಿಂಗಳಿಂದ 26ಕ್ಕೆ ಏರಿತು. ಸಂಖ್ಯೆ ಚಿಕ್ಕದು, ಆದರೂ ವೈದ್ಯಲೋಕ ಕಿವಿಗೊಟ್ಟಿತು.

2022ರಲ್ಲಿ ಪ್ರಕಟವಾದ 358 ರೋಗಿಗಳ ಪರೀಕ್ಷೆ ಇನ್ನೂ ಕುತೂಹಲಕರ. ಕೀಮೊಥೆರಪಿಯ ಜೊತೆಗೆ, ದೇಹದ ರಕ್ಷಣಾಶಕ್ತಿಯ ಕಡಿವಾಣ ಬಿಚ್ಚುವ ನಿವೊಲುಮಾಬ್ ಕೊಟ್ಟಾಗ ಶೇ. 24ರಷ್ಟು ಮಂದಿಯಲ್ಲಿ, ಕತ್ತರಿಸಿ ತೆಗೆದ ಭಾಗದಲ್ಲಿ ಜೀವಂತ ಕ್ಯಾನ್ಸರ್ ಕಣವೇ ಉಳಿದಿರಲಿಲ್ಲ. ಬರಿಯ ಕೀಮೊಥೆರಪಿಯಲ್ಲಿ ಶೇ. 2.2. ಗಡ್ಡೆ ಒಳಗಿರುವಾಗಲೇ ರಕ್ಷಕ ಕಣಗಳು ಶತ್ರುವಿನ ಗುರುತು ಕಲಿಯುತ್ತವೆಂಬುದು ವಿಜ್ಞಾನಿಗಳ ತರ್ಕ. ಹಳೆಯ ಭಯ ಪೂರ್ತಿ ಸುಳ್ಳಾಗಲಿಲ್ಲ: ಎರಡೂ ಮದ್ದು ಪಡೆದವರಲ್ಲಿ ಶಸ್ತ್ರಕ್ರಿಯೆ ನಡೆದದ್ದು ಶೇ. 83 ಮಂದಿಗೆ.